ಅಟ್ಟದ ಕ್ಯಾಸೆಟ್ಟಿನಿಂದ ಕಿಸೆಯ ಮೊಬೈಲಿಗೆ: ಹರಿಕಥೆ, ತತ್ವಪದ, ತಮಟೆ, ಸಿನಿಮಾ ಹಾಡು ಎಲ್ಲ ಒಂದೇ ಕಡೆ

ಅಟ್ಟದ ಮೇಲೆ ಒಂದು ಪೆಟ್ಟಿಗೆ ಕ್ಯಾಸೆಟ್ ಇದೆ, ಅದನ್ನು ಮೊಬೈಲಿಗೆ ಹಾಕಿಕೊಳ್ಳುವುದು ಹೇಗೆ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ನಮ್ಮ ಕಡೆಯ ಪೆಟ್ಟಿಗೆಗಳಲ್ಲಿ ಒಂದೇ ಜಾತಿಯ ಹಾಡು ಇರುವುದಿಲ್ಲ. ಗುರುರಾಜುಲು ನಾಯ್ಡು ಅವರ ಹರಿಕಥೆಯ ಪಕ್ಕದಲ್ಲಿ ತ್ಯಾಗರಾಜರ ಕೃತಿ, ಅದರ ಕೆಳಗೆ ಕೈವಾರ ತಾತಯ್ಯನವರ ತೆಲುಗು ಪದ, ಸಂದಿಯಲ್ಲಿ ಎಂಬತ್ತರ ದಶಕದ ಸಿನಿಮಾ ಹಾಡು, ತಳದಲ್ಲಿ ಊರ ನಾಟಕದ ಪ್ರಾಕ್ಟೀಸು ಅಥವಾ ಯಾರದೋ ಮದುವೆಯ ಸೋಬಾನೆ. ಬಾಗೇಪಲ್ಲಿ, ಶ್ರೀನಿವಾಸಪುರದ ಮನೆಯಾದರೆ ಅರ್ಧಕ್ಕರ್ಧ ತೆಲುಗು. ಕೆಜಿಎಫ್ ಕಡೆಯಾದರೆ ತಮಿಳು. ಅಂಗಡಿಯವನು ಎಲ್ಲಕ್ಕೂ ಒಂದೇ ಹದ ಹಾಕಿ ಪೆನ್ ಡ್ರೈವಿಗೆ ತುಂಬಿಸಿಕೊಟ್ಟರೆ ಕೆಡುವುದು ಇದರಿಂದಲೇ. ತಮಟೆಗೆ ಬೇಕಾದ ಹದ ವೀಣೆಗೆ ಬೇಡ, ಸಿನಿಮಾ ಹಾಡನ್ನು ಕತ್ತರಿಸುವ ಹಾಗೆ ಹರಿಕಥೆಯನ್ನು ಕತ್ತರಿಸಲಾಗದು.

ಮನೆಯಲ್ಲೇ ಮಾಡಿಕೊಳ್ಳಿ. ಕಷ್ಟದ ಕೆಲಸವಲ್ಲ, ಆದರೆ ನಿಧಾನದ ಕೆಲಸ. 60 ನಿಮಿಷದ ಕ್ಯಾಸೆಟ್ ನಕಲಾಗಲು 60 ನಿಮಿಷವೇ ಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಮುಂಚಿನ ಸಿದ್ಧತೆ, ಆಮೇಲಿನ ಕತ್ತರಿಸುವ ಕೆಲಸ ಸೇರಿಸಿ ಒಂದಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಏನೇನು ಬೇಕು

ಒಂದು ಒಳ್ಳೆಯ ಕ್ಯಾಸೆಟ್ ಡೆಕ್ ಅಥವಾ ಟೂ-ಇನ್-ಒನ್. ಹಳೆಯದಾದರೂ ಪರವಾಗಿಲ್ಲ, ಹಳೆಯದೇ ವಾಸಿ. ಈಗ ಆನ್‌ಲೈನಲ್ಲಿ ಸಿಗುವ ಅಗ್ಗದ "ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್" ಕೊಳ್ಳಬೇಡಿ. ಅದರ ಮೋಟಾರು ಹಗುರ. ವೇಗ ಸ್ಥಿರವಾಗಿ ನಿಲ್ಲದೆ ಎಳೆದು ಹಾಡುವ ಕಡೆಯಲ್ಲೆಲ್ಲ ದನಿ ಅಲುಗುತ್ತದೆ. ಸಿನಿಮಾ ಹಾಡಿನಲ್ಲಿ ಅದು ಹೇಗೋ ಮುಚ್ಚಿಹೋಗಬಹುದು, ಆಲಾಪನೆಯಲ್ಲಿ ಕಿವಿಗೆ ಹೊಡೆಯುತ್ತದೆ.

ಎರಡನೆಯದು, ಸ್ಟೀರಿಯೋ ಲೈನ್-ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್. ಲೈನ್-ಇನ್ ಎಂದರೆ ಡೆಕ್, ರೇಡಿಯೋ ಮೊದಲಾದವುಗಳಿಂದ ಬರುವ ಜೋರು ಸಿಗ್ನಲ್ಲನ್ನು ತೆಗೆದುಕೊಳ್ಳುವ ಕಿಂಡಿ. ಲ್ಯಾಪ್‌ಟಾಪಿನ ಒಂಟಿ ಹೆಡ್‌ಫೋನ್ ಕಿಂಡಿಯಲ್ಲಿ ಇರುವುದು ಮೈಕಿನ ದಾರಿ ಮಾತ್ರ. ಅದು ಒಂದೇ ಚಾನೆಲ್ಲು, ಅದಕ್ಕೆ ಬೇಕಾದ್ದು ಬಹಳ ಸಣ್ಣ ಸಿಗ್ನಲ್ಲು. ಡೆಕ್ಕನ್ನು ಅಲ್ಲಿಗೆ ಸಿಕ್ಕಿಸಿದರೆ ಸದ್ದು ಒಡೆದು ಬರುತ್ತದೆ. ಅಗ್ಗದ ಯುಎಸ್‌ಬಿ ಅಡಾಪ್ಟರುಗಳಲ್ಲೂ ಹೆಚ್ಚಿನವಕ್ಕೆ ಮೈಕ್ ಕಿಂಡಿ ಮಾತ್ರ ಇರುತ್ತದೆ. ಕೆಂಪು-ಬಿಳಿ ಆರ್‌ಸಿಎ ಕಿಂಡಿಗಳಿರುವ ಬೆರಿಂಗರ್ ಯುಸಿಎ202 ಬಗೆಯ ಪುಟ್ಟ ಪೆಟ್ಟಿಗೆ ಈ ಕೆಲಸಕ್ಕೆ ಸಾಕು.

ಉಳಿದವು ಸಣ್ಣಪುಟ್ಟವು: ಡೆಕ್ಕಾದರೆ ಆರ್‌ಸಿಎಯಿಂದ ಆರ್‌ಸಿಎಗೆ, ಟೂ-ಇನ್-ಒನ್ ಆದರೆ ಹೆಡ್‌ಫೋನ್ ಕಿಂಡಿಯಿಂದ ಆರ್‌ಸಿಎಗೆ ಹೋಗುವ ಒಂದು ವೈರು, ಶೇಕಡಾ 99ರ ಐಸೋಪ್ರೊಪೈಲ್ ಆಲ್ಕೋಹಾಲ್ 100 ಮಿಲಿ, ಹತ್ತಿಕಡ್ಡಿ, ಸಣ್ಣ ಸ್ಟಾರ್ ಸ್ಕ್ರೂಡ್ರೈವರು, ಆರು ಮೂಲೆಯ ಪೆನ್ಸಿಲ್ಲು, ಒಂದು ನೋಟ್‌ಬುಕ್ಕು. ಸೌಂಡ್ ಕಾರ್ಡು, ಬೆಲ್ಟು, ವೈರು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆ. ಕಂಪ್ಯೂಟರಿಗೆ ಆಡಾಸಿಟಿ ಎಂಬ ತಂತ್ರಾಂಶ ಹಾಕಿಕೊಳ್ಳಿ, ದುಡ್ಡಿಲ್ಲ. ಕೈಯಲ್ಲಿ 1 ಟೆರಾಬೈಟಿನ ಹಾರ್ಡ್ ಡಿಸ್ಕ್ ಇದ್ದರೆ ಜಾಗದ ಚಿಂತೆ ಮರೆತುಬಿಡಬಹುದು.

1. ಮೊದಲು ಆರಿಸಿ, ಆಮೇಲೆ ವೈರು ಸಿಕ್ಕಿಸಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಪೆಟ್ಟಿಗೆಯ ಮೇಲಿನ ಕ್ಯಾಸೆಟ್ಟಿಂದ ಶುರು ಮಾಡುತ್ತಾರೆ, ಇಪ್ಪತ್ತನೆಯದಕ್ಕೆ ಬರುವ ಹೊತ್ತಿಗೆ ಸಾಕಾಗಿ ಬಿಡುತ್ತಾರೆ. ಅಷ್ಟೂ ಇಪ್ಪತ್ತು ಎಲ್ಲೆಲ್ಲೂ ಸಿಗುವ ಸಿನಿಮಾ ಹಾಡುಗಳೇ ಆಗಿರುತ್ತವೆ.

ಕ್ಯಾಸೆಟ್ಟುಗಳನ್ನು ಮೂರು ಗುಡ್ಡೆ ಮಾಡಿ. ಮೊದಲ ಗುಡ್ಡೆ, ಜಗತ್ತಿನಲ್ಲಿ ನಿಮ್ಮ ಹತ್ತಿರ ಮಾತ್ರ ಇರುವಂಥದ್ದು: ಅಜ್ಜಿಯ ಸೋಬಾನೆ, ಊರ ಭಜನೆ ಮಂಡಳಿ, ಕುರುಕ್ಷೇತ್ರ ನಾಟಕಕ್ಕೆ ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟ ಕಂದ-ವೃತ್ತ, ಗುರುಪೂರ್ಣಿಮೆಗೆ ಕೈವಾರದಲ್ಲಿ ಎಡೆಬಿಡದೆ 72 ಗಂಟೆ ನಡೆಯುವ ಸಂಗೀತೋತ್ಸವದಲ್ಲಿ ಯಾರೋ ಮಡಿಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ತುಂಬಿಸಿಕೊಂಡದ್ದು. ಎರಡನೆಯದು, ಅಂಗಡಿಯಲ್ಲಿ ಕೊಂಡದ್ದೇ ಆದರೂ ಈಗ ಹುಡುಕಿದರೆ ಸಿಗದ ಹರಿಕಥೆ, ಜಾನಪದ, ಸಣ್ಣ ಕಂಪನಿಯ ಭಕ್ತಿಗೀತೆ. ಮೂರನೆಯದು, ಸಿನಿಮಾ ಹಾಡು ಮತ್ತು ಹೆಸರುವಾಸಿ ಗಾಯಕರ ಕ್ಯಾಸೆಟ್. ಮೊದಲ ಎರಡನ್ನು ಮಾತ್ರ ನಕಲು ಮಾಡಿ. ಮೂರನೆಯ ಗುಡ್ಡೆಯನ್ನು ಕಂಪನಿಯವರೇ ಡಿಜಿಟಲ್ ಮಾಡಿ ಮಾರುತ್ತಿದ್ದಾರೆ, ನಿಮ್ಮ ಸವೆದ ಟೇಪಿಗಿಂತ ಅವರ ಮೂಲ ಪ್ರತಿ ಎಷ್ಟೋ ಪಾಲು ಚೆನ್ನಾಗಿದೆ, ಕೊಂಡುಕೊಳ್ಳಿ. ನೂರು ಕ್ಯಾಸೆಟ್ಟಿನ ಪೆಟ್ಟಿಗೆಯಲ್ಲಿ ನಿಜವಾಗಿ ಕೆಲಸ ಬೇಡುವುದು ಮೂವತ್ತೋ ನಲವತ್ತೋ.

ಕವರಿನ ಹೆಸರು ನಂಬಬೇಡಿ. ಸಿನಿಮಾ ಹಾಡಿನ ಕ್ಯಾಸೆಟ್ಟಿನ ಮೇಲೇ ಮನೆಯವರ ದನಿ ತುಂಬಿಸಿರುವುದು ಬಹಳ ಸಾಮಾನ್ಯ. ಗುರುತು ಸುಲಭ: ಟೇಪು ಕಾಣುವ ಅಂಚಿಗೆ ಎದುರಿನ ಅಂಚಿನಲ್ಲಿ ಎರಡು ಸಣ್ಣ ಚೌಕ ಕುಳಿಗಳಿವೆ. ಕಂಪನಿಯ ಕ್ಯಾಸೆಟ್ಟಿನಲ್ಲಿ ಅವು ತೆರೆದಿರುತ್ತವೆ, ಹಾಗಾಗಿ ಮೇಲೆ ರೆಕಾರ್ಡ್ ಆಗದು. ಯಾರಾದರೂ ಅಲ್ಲಿ ಸೆಲ್ಲೋಟೇಪ್ ಅಂಟಿಸಿದ್ದರೆ ಅಥವಾ ಕಾಗದ ತುರುಕಿದ್ದರೆ, ಒಳಗೆ ಬೇರೆಯೇ ಸರಕಿದೆ. ಅದು ಮೊದಲ ಗುಡ್ಡೆಗೆ.

2. ಕ್ಯಾಸೆಟ್ಟಿನ ತಪಾಸಣೆ

ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ, ಬಲೆಯಂಥದ್ದು ಕಂಡರೆ ಬೂಷ್ಟು. ಅದನ್ನು ಡೆಕ್ಕಿಗೆ ಹಾಕಲೇಬೇಡಿ. ಹೆಡ್ಡಿಗೆ, ಅಂದರೆ ಟೇಪಿನಿಂದ ಸದ್ದು ಓದುವ ಭಾಗಕ್ಕೆ, ಮೆತ್ತಿಕೊಂಡು ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಇಟ್ಟಿದ್ದ ಕ್ಯಾಸೆಟ್ಟುಗಳನ್ನು ವಿಶೇಷವಾಗಿ ನೋಡಿ. ಹುಳುವಿಗೆ ಹಿತವಾಗಲೆಂದು ಉಳಿಸುವ ತೇವ ಬೂಷ್ಟಿಗೂ ಹಿತ. ಅಂಥವನ್ನು ಬೇರೆ ಕವರಿನಲ್ಲಿ ಕಟ್ಟಿಟ್ಟು ಕೊನೆಗೆ ತೆಗೆದುಕೊಳ್ಳಿ. ಮೂಗಿಗೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಒಣ ಹತ್ತಿಕಡ್ಡಿಯಿಂದ ಸುರುಳಿಯ ಅಂಚು ಒರೆಸಿ. ಬಿಸಿಲಿಗೆ ಇಡಬೇಡಿ, ಚಿಪ್ಪು ಸೊಟ್ಟಗಾಗುತ್ತದೆ.

ಟೇಪು ಕಾಣುವ ಅಂಚಿನ ನಡುವೆ, ಟೇಪಿನ ಹಿಂದೆ, ಒಂದು ಸಣ್ಣ ಉಣ್ಣೆ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಶೀಟಿನ ಮನೆಯ ಅಟ್ಟದಲ್ಲಿ ಹತ್ತಾರು ಬೇಸಿಗೆ ಕಳೆದ ಕ್ಯಾಸೆಟ್ಟುಗಳಲ್ಲಿ ಅದರ ಅಂಟು ಒಣಗಿ ತುಂಡು ಉದುರಿಹೋಗಿರುತ್ತದೆ. ಆಗ ಹಾಡು ನೀರೊಳಗಿಂದ ಬಂದ ಹಾಗೆ ಮಂಕಾಗಿ, ಬಿಟ್ಟುಬಿಟ್ಟು ಕೇಳುತ್ತದೆ. "ಟೇಪು ಹಾಳಾಗಿದೆ" ಎಂದು ಎಸೆದ ಎಷ್ಟೋ ಕ್ಯಾಸೆಟ್ಟಿಗೆ ಆಗಿದ್ದದ್ದು ಇಷ್ಟೇ. ಐದು ಸ್ಕ್ರೂ ಇರುವ ಚಿಪ್ಪಾದರೆ ಬಿಚ್ಚಿ, ಬೇಡದ ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ಎರಡೂ ಸುರುಳಿಯನ್ನು ಹಾಗೇ ಎತ್ತಿಡಿ. ಬಿಚ್ಚುವ ಮುನ್ನ ಮೇಲಿನಿಂದ ಒಂದು ಫೋಟೋ ತೆಗೆದುಕೊಳ್ಳಿ. ಟೇಪು ಯಾವ ಗಾಲಿಯ ಯಾವ ಪಕ್ಕದಿಂದ ಹಾದಿತ್ತು ಎನ್ನುವುದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಸ್ಕ್ರೂ ಇಲ್ಲದೆ ಅಂಟಿಸಿದ ಚಿಪ್ಪಾದರೆ ಅಂಚಿನ ಸಂದಿಯಲ್ಲಿ ತೆಳು ಚಾಕು ಆಡಿಸಿ ಬಿಡಿಸಬೇಕು, ಆ ಚಿಪ್ಪು ಮತ್ತೆ ಕೆಲಸಕ್ಕೆ ಬಾರದು.

ತುಂಡಾದ ಟೇಪನ್ನು ಸೆಲ್ಲೋಟೇಪಿನಿಂದ ಅಂಟಿಸಬೇಡಿ. ಅದರ ಗೋಂದು ಹೊರಗೆ ಒಸರಿ ಪಕ್ಕದ ಸುತ್ತಿಗೆ ಅಂಟುತ್ತದೆ. ಇದಕ್ಕೆಂದೇ ಸ್ಪ್ಲೈಸಿಂಗ್ ಟೇಪ್ ಸಿಗುತ್ತದೆ. ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದಕ್ಕೊಂದು ತಾಗಿಸಿ, ಹೆಡ್ಡಿಗೆ ತಾಗದ ಒಳಬದಿಗೆ ಅಂಟಿಸಿ.

ಸರಿಯಿದ್ದ ಕ್ಯಾಸೆಟ್ಟನ್ನೂ ನೇರ ಹಾಡಿಸಬೇಡಿ. ಇಪ್ಪತ್ತು ವರ್ಷ ಅಲ್ಲಾಡದ ಸುರುಳಿ ಬಿಗಿದುಕೊಂಡಿರುತ್ತದೆ. ಪೆನ್ಸಿಲ್ಲಿನಿಂದ ನಾಲ್ಕು ಸುತ್ತು ತಿರುಗಿಸಿ ಸಡಿಲವಾಗಿದೆಯೇ ನೋಡಿ, ಆಮೇಲೆ ಡೆಕ್ಕಿನಲ್ಲಿ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ. ಸಿ-120 ಅಂದರೆ ಎರಡು ಗಂಟೆಯ ಕ್ಯಾಸೆಟ್ಟಿನ ಟೇಪು ಬಹಳ ತೆಳು; ಅದನ್ನು ಕೈಯಿಂದಲೇ ಸುತ್ತಿ, ಒಂದೇ ಸಲ ಹಾಡಿಸಿ ಮುಗಿಸಿ.

3. ಡೆಕ್ಕಿನ ಸ್ನಾನ ಮತ್ತು ಹೆಡ್ಡಿನ ಓರೆ

ಹತ್ತಿಕಡ್ಡಿಯನ್ನು ಆಲ್ಕೋಹಾಲಿನಲ್ಲಿ ಅದ್ದಿ ಮೂರು ಕಡೆ ಒರೆಸಿ: ಹೊಳೆಯುವ ಹೆಡ್ಡು, ಕ್ಯಾಪ್ಸ್ಟನ್, ಅಂದರೆ ಟೇಪನ್ನು ಎಳೆಯುವ ಸಣ್ಣ ಉಕ್ಕಿನ ಕಡ್ಡಿ, ಅದಕ್ಕೆ ಒತ್ತಿ ತಿರುಗುವ ರಬ್ಬರ್ ಗಾಲಿ. ಕಡ್ಡಿಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಒರೆಸಬೇಕು. ರಬ್ಬರಿಗೆ ಆಲ್ಕೋಹಾಲ್ ಜಾಸ್ತಿ ಆದರೆ ಬಿರುಕು ಬಿಡುತ್ತದೆ, ಒಂದೇ ಸುತ್ತು ಸಾಕು. ಹಳೆಯ ಕ್ಯಾಸೆಟ್ಟು ಪುಡಿ ಉದುರಿಸುತ್ತವೆ, ಆದ್ದರಿಂದ ನಾಲ್ಕೈದು ಕ್ಯಾಸೆಟ್ಟಿಗೊಮ್ಮೆ ಇದನ್ನು ಮತ್ತೆ ಮಾಡಿ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟು, ಸೆಂಟು ಬೇಡ. ಆರಿದ ಮೇಲೆ ಜಿಡ್ಡು ಉಳಿಸುತ್ತವೆ.

ಹಾಡು ಎಳೆದ ಹಾಗೆ ನಿಧಾನವಾಗಿ ಬಂದರೆ ಬೆಲ್ಟ್ ಸಡಿಲವಾಗಿದೆ. ಕೆಲವು ಸಲ ರಬ್ಬರು ಕರಗಿ ಟಾರಿನಂತೆ ಅಂಟಿಕೊಂಡಿರುತ್ತದೆ. ರೇಡಿಯೋ ರಿಪೇರಿಯವರ ಹತ್ತಿರ ಹಾಕಿಸಿಕೊಂಡು ಬನ್ನಿ.

ಈಗ ಯಾರೂ ಹೇಳದ ಸಂಗತಿ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇದೆ. ಟೇಪಿಗೆ ಹೆಡ್ಡು ನೆಟ್ಟಗೆ ನಿಲ್ಲುವಂತೆ ಮಾಡುವುದು ಅದರ ಕೆಲಸ. ಈ ನಿಲುವಿಗೆ ಅಜಿಮತ್ ಎನ್ನುತ್ತಾರೆ. ಕೂದಲೆಳೆಯಷ್ಟು ಓರೆಯಾದರೂ ತಾಳದ ಕಿಣಿಕಿಣಿ, ತಂಬೂರಿಯ ಝೇಂಕಾರ, "ಸ" "ಶ" ಅಕ್ಷರಗಳ ಚೂಪು ಮಾಯವಾಗಿ ಕಂಬಳಿ ಹೊದಿಸಿದ ಸದ್ದು ಉಳಿಯುತ್ತದೆ. ಒಂದು ಟೇಪ್ ರೆಕಾರ್ಡರಿನಲ್ಲಿ ತುಂಬಿಸಿದ್ದನ್ನು ಇನ್ನೊಂದರಲ್ಲಿ ಹಾಡಿಸುವಾಗ ಓರೆ ಹೊಂದದಿರುವುದೇ ಹೆಚ್ಚು, ಹಾಗಾಗಿ ಮನೆಯಲ್ಲಿ ತುಂಬಿಸಿದ ಪ್ರತಿ ಕ್ಯಾಸೆಟ್ಟಿಗೂ ಇದನ್ನು ಸರಿಮಾಡಿಕೊಳ್ಳಬೇಕು. ಸ್ಕ್ರೂವಿನ ಈಗಿನ ಸ್ಥಾನವನ್ನು ಮಾರ್ಕರಿನಿಂದ ಗುರುತು ಮಾಡಿ. ಹಾಡು ಓಡುತ್ತಿರುವಾಗಲೇ, ಹೆಡ್‌ಫೋನ್ ಹಾಕಿಕೊಂಡು, ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ. ಕಾಲು ಸುತ್ತಿಗಿಂತ ಜಾಸ್ತಿ ಬೇಡ. ಸದ್ದು ಅತಿ ಚೂಪಾಗುವ ಜಾಗ ಒಂದೇ ಒಂದು ಇರುತ್ತದೆ, ಅಲ್ಲಿ ನಿಲ್ಲಿಸಿ. ಸ್ಕ್ರೂಡ್ರೈವರಿನ ತುದಿಗೆ ಅಯಸ್ಕಾಂತ ಇರಬಾರದು. ಇಲ್ಲಿ ಕಳೆದುಕೊಂಡ ಚೂಪನ್ನು ಕಂಪ್ಯೂಟರಿನಲ್ಲಿ ಟ್ರೆಬಲ್ ಏರಿಸಿ ತರಲಾಗದು. ಸೊಯ್ಯೆನ್ನುವ ಸದ್ದು ಮಾತ್ರ ಏರುತ್ತದೆ.

4. ವೈರು, ಮಟ್ಟ, ಗುಂಯ್ ಸದ್ದು

ಡೆಕ್ಕಿನ ಲೈನ್-ಔಟಿನಿಂದ ಸೌಂಡ್ ಕಾರ್ಡಿನ ಇನ್‌ಪುಟ್ಟಿಗೆ, ಅಲ್ಲಿಂದ ಕಂಪ್ಯೂಟರಿಗೆ. ಟೂ-ಇನ್-ಒನ್ ಆದರೆ ಹೆಡ್‌ಫೋನ್ ಕಿಂಡಿಯಿಂದ ತೆಗೆದು, ವಾಲ್ಯೂಮ್ ಮೂರರಲ್ಲೊಂದು ಪಾಲಿಗೆ ಇಡಿ. ಬಾಸ್, ಈಕ್ವಲೈಜರ್ ಎಲ್ಲ ಮಧ್ಯಕ್ಕೆ. ಆಡಾಸಿಟಿಯಲ್ಲಿ ಸ್ಟೀರಿಯೋ, 44,100 ಹರ್ಟ್ಜ್ ಆರಿಸಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ "ಎನ್‌ಹಾನ್ಸ್‌ಮೆಂಟ್ಸ್" ಆಫ್ ಮಾಡಿ. ಅದು ವಿಡಿಯೋ ಕಾಲಿನ ಮಾತಿಗೆಂದು ಮಾಡಿದ್ದು, ಶ್ರುತಿಯನ್ನು ಗದ್ದಲ ಎಂದುಕೊಂಡು ನುಂಗುತ್ತದೆ.

ಮೀಟರಿನಲ್ಲಿ 0 ಎಂಬುದು ಛಾವಣಿ. ಅದಕ್ಕೆ ಮುಟ್ಟಿದ ಸದ್ದಿನ ತಲೆ ಚಪ್ಪಟೆಯಾಗಿ ಒಡೆಯುತ್ತದೆ, ಮತ್ತೆ ಸರಿಹೋಗದು. ಹಾಡಿನ ಅತಿ ಜೋರು ಜಾಗ ಹುಡುಕಿ, ಅದು ಮೈನಸ್ 6 ಡೆಸಿಬೆಲ್ ದಾಟದಂತೆ ಇಡಿ. ತಮಟೆ, ಡೊಳ್ಳು, ಅರೆವಾದ್ಯ ಇರುವ ಕ್ಯಾಸೆಟ್ಟಿಗೆ ಮೈನಸ್ 12. ತಮಟೆಯ ಏಟು ಕ್ಷಣದೊಳಗೆ ಏರಿ ಇಳಿಯುವುದರಿಂದ, ಕಣ್ಣಿಗೆ ಮೀಟರು ಶಾಂತವಾಗಿ ಕಂಡರೂ ಏಟಿನ ತುದಿ ಛಾವಣಿಗೆ ಬಡಿದಿರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ಅದನ್ನು ಹಿನ್ನೆಲೆ ಗದ್ದಲದಂತೆ ನೋಡಿ ಮಟ್ಟ ಇಡಬೇಡಿ. ಹರಿಕಥೆಯ ಸಮಸ್ಯೆ ಬೇರೆ. ದಾಸರು ಪಿಸುಮಾತಿನಲ್ಲಿ ಕಥೆ ಹೇಳುತ್ತಾ ಇದ್ದಕ್ಕಿದ್ದಂತೆ ತಾರಸ್ಥಾಯಿಗೆ ಹೋಗುತ್ತಾರೆ, ಮಾತು ಕೇಳಿ ಮಟ್ಟ ಇಟ್ಟರೆ ಹಾಡು ಒಡೆಯುತ್ತದೆ. ಹಾಡಿಗೇ ಇಡಿ.

ಹಿಂದೆ ಗುಂಯ್ ಎಂದು ಒಂದೇ ಸಮ ಕೇಳುತ್ತಿದ್ದರೆ ಅದು ಕರೆಂಟಿನ 50 ಹರ್ಟ್ಜ್ ಸದ್ದು. ಡೆಕ್ಕು, ಲ್ಯಾಪ್‌ಟಾಪು ಎರಡೂ ಗೋಡೆಯ ಪ್ಲಗ್ಗಿನಲ್ಲಿದ್ದು, ಎರಡರ ಅರ್ತಿನ ನಡುವೆ ಕರೆಂಟು ಸುತ್ತುವುದರಿಂದ ಬರುವಂಥದ್ದು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದರೆ ಬಹುಪಾಲು ನಿಂತುಹೋಗುತ್ತದೆ. ಟೂ-ಇನ್-ಒನ್ನನ್ನು ಸೆಲ್ಲಿನಲ್ಲಿ ಓಡಿಸುವುದಾದರೆ ಹೊಸ ಸೆಲ್ಲೇ ಹಾಕಿ. ಸೆಲ್ಲು ಇಳಿದಂತೆ ಹಾಡೂ ನಿಧಾನವಾಗುತ್ತದೆ. ಹಳ್ಳಿಯಲ್ಲಾದರೆ ಪಂಪ್‌ಸೆಟ್ಟಿಗೆ ತ್ರೀ-ಫೇಸ್ ಬರುವ ಹೊತ್ತು ಬಿಟ್ಟು ಬೇರೆ ಹೊತ್ತು ಆರಿಸಿಕೊಳ್ಳಿ. ಮೋಟಾರು ಚಾಲೂ ಆದಾಗಿನ ಟಪ್ ಸದ್ದೂ ರೆಕಾರ್ಡಿಗೆ ಇಳಿಯುತ್ತದೆ.

5. ರೆಕಾರ್ಡಿಂಗ್

ಒಂದು ಬದಿ ಪೂರ್ತಿ, ಒಂದೇ ಫೈಲು. ನಡುವೆ ನಿಲ್ಲಿಸಬೇಡಿ, ಹಾಡು ಹಾಡಾಗಿ ಮಾಡಲು ಹೋಗಬೇಡಿ. ಮುಗಿದ ಮೇಲೆ ಹಾಗೇ, ಏನೂ ತಿದ್ದದೆ, ಫ್ಲ್ಯಾಕ್ ಆಗಿ ಉಳಿಸಿ. ಫ್ಲ್ಯಾಕ್ ಎಂದರೆ ಗುಣ ಕಳೆಯದೆ ಗಾತ್ರ ಇಳಿಸುವ ಬಗೆ. ಗಾತ್ರ ಇಳಿಸದ ವೇವ್ ಫೈಲು 16 ಬಿಟ್ಟಿನಲ್ಲಿ ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ, ಫ್ಲ್ಯಾಕ್ ಹೆಚ್ಚುಕಡಿಮೆ ಅದರ ಅರ್ಧ. ಇದು ನಿಮ್ಮ ಮೂಲ ಪ್ರತಿ. ಮುಂದಿನ ಎಲ್ಲ ಕೆಲಸ ಇದರ ನಕಲಿನ ಮೇಲೆ. ಎಂಪಿ3 ಕೇಳುವುದಕ್ಕೆ ಮಾತ್ರ. ನೇರ ಎಂಪಿ3ಯಾಗಿ ರೆಕಾರ್ಡ್ ಮಾಡಿದರೆ ಮುಂದೆ ತಿದ್ದಿದಷ್ಟು ಸಲವೂ ಸದ್ದು ಸವೆಯುತ್ತದೆ.

6. ವೇಗ ಸರಿಯಿದೆಯೇ?

ಕ್ಯಾಸೆಟ್ಟು ಓಡಬೇಕಾದ್ದು ಸೆಕೆಂಡಿಗೆ 4.76 ಸೆಂಟಿಮೀಟರ್. ರೆಕಾರ್ಡ್ ಮಾಡಿದ ದಿನ ಸೆಲ್ಲು ಇಳಿದಿದ್ದರೆ ಟೇಪು ನಿಧಾನಕ್ಕೆ ಓಡಿರುತ್ತದೆ. ಅದನ್ನು ಈಗ ಸರಿಯಾದ ವೇಗದಲ್ಲಿ ಹಾಡಿಸಿದರೆ ಅಜ್ಜಿಯ ದನಿ ಹುಡುಗಿಯದಾಗುತ್ತದೆ. ಭಜನೆ, ನಾಟಕದ ರೆಕಾರ್ಡಿಂಗಿನಲ್ಲಿ ಪರೀಕ್ಷೆ ಸುಲಭ, ಏಕೆಂದರೆ ಹಾರ್ಮೋನಿಯಂ ಇರುತ್ತದೆ. ಮೊಬೈಲಿನ ಟ್ಯೂನರ್ ಆ್ಯಪ್ ತೆರೆದು ಷಡ್ಜ ಹಿಡಿಯಿರಿ. ಯಾವುದಾದರೂ ಕರಿ ಅಥವಾ ಬಿಳಿ ಮನೆಗೆ ಹತ್ತಿರ ಕೂತರೆ ವೇಗ ಸರಿ. ಎರಡು ಮನೆಗಳ ನಡುವೆ ತೂಗಾಡಿದರೆ ಅನುಮಾನ ಪಡಿ. ಹಳೆಯ ಹಾರ್ಮೋನಿಯಂ ತಾನೇ ತುಸು ಆಚೀಚೆ ಇರಬಹುದು, ಹಾಗಾಗಿ ಆ ಮಂಡಳಿಯ ಹಾರ್ಮೋನಿಯಂ ಇನ್ನೂ ಇದ್ದರೆ ಅದಕ್ಕೇ ಹೋಲಿಸುವುದು ಒಳ್ಳೆಯದು. ಒಂದು ಮನೆಯ ವ್ಯತ್ಯಾಸ ಎಂದರೆ ವೇಗದಲ್ಲಿ ಸುಮಾರು ಶೇಕಡಾ 6.

ಆಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಇದೆ, ಅದನ್ನೇ ಬಳಸಿ. ಶ್ರುತಿ ಮಾತ್ರ ಬದಲಿಸುವ ಆಯ್ಕೆಯಲ್ಲಿ ತಾಳದ ನಡೆ ತಪ್ಪಾಗಿಯೇ ಉಳಿಯುತ್ತದೆ. ಕ್ಯಾಸೆಟ್ಟಿನ ಮೊದಲಲ್ಲೂ ಕೊನೆಯಲ್ಲೂ ಪರೀಕ್ಷಿಸಿ. ರೆಕಾರ್ಡ್ ಆಗುತ್ತಾ ಆಗುತ್ತಾ ಸೆಲ್ಲು ಇಳಿದಿದ್ದರೆ ಎರಡು ಕಡೆ ಎರಡು ಲೆಕ್ಕ ಸಿಗುತ್ತದೆ. ಆಗ ಹಾಡಿಗೊಂದರಂತೆ ಬೇರೆಬೇರೆ ಸರಿಪಡಿಸಬೇಕು.

7. ಗದ್ದಲ ತೆಗೆಯುವ ಆಸೆಗೆ ಕಡಿವಾಣ

ತಂತ್ರಾಂಶ ಗದ್ದಲ ತೆಗೆಯುವುದು ಹೀಗೆ: ಹಾಡಿಲ್ಲದ ಎರಡು ಸೆಕೆಂಡಿನ ತುಂಡು ತೋರಿಸಿ "ಇದು ಗದ್ದಲ" ಎಂದು ನೀವು ಹೇಳುತ್ತೀರಿ, ಅದು ಅಂಥದ್ದನ್ನೆಲ್ಲ ಅಳಿಸುತ್ತದೆ. ನಮ್ಮ ಸಂಗೀತದಲ್ಲಿ ಹಾಡಿಲ್ಲದ ಜಾಗದಲ್ಲೂ ತಂಬೂರಿ ಇದೆ, ಶ್ರುತಿಪೆಟ್ಟಿಗೆ ಇದೆ, ತತ್ವಪದದಲ್ಲಿ ಏಕತಾರಿ ಇದೆ. ಒಂದೇ ಸಮ ನುಡಿಯುವುದೇ ಅವುಗಳ ಧರ್ಮ. ತಂತ್ರಾಂಶಕ್ಕೆ ಅವೇ ಮೊದಲ ಗದ್ದಲ. ಶ್ರುತಿ ಅಳಿದು ಗಾಯಕರು ಬಾವಿಯೊಳಗೆ ಒಂಟಿಯಾಗಿ ಹಾಡಿದ ಹಾಗೆ ಕೇಳುತ್ತದೆ. ಆದ್ದರಿಂದ ಮಾದರಿ ತುಂಡನ್ನು ಕಾರ್ಯಕ್ರಮ ಶುರುವಾಗುವ ಮುಂಚಿನ ಖಾಲಿ ಟೇಪಿನಿಂದಲೇ ತೆಗೆದುಕೊಳ್ಳಿ. ಅಂಥ ಜಾಗ ಇಲ್ಲದಿದ್ದರೆ ಗದ್ದಲ ತೆಗೆಯಲೇ ಹೋಗಬೇಡಿ. ಇಳಿಸುವುದಾದರೂ 6 ಡೆಸಿಬೆಲ್ ಮೀರಬೇಡಿ. ಸೋಬಾನೆಯ ಹಿಂದಿನ ಮಕ್ಕಳ ಗಲಾಟೆ, ನಾಟಕದ ಪ್ರಾಕ್ಟೀಸಿನ ನಡುವೆ ಮೇಷ್ಟ್ರ ಬೈಗುಳ ಗದ್ದಲವಲ್ಲ, ಬಿಟ್ಟುಬಿಡಿ.

ಸದ್ದು ತಾನಾಗಿ ಉಬ್ಬಿ ಕುಗ್ಗಿದ ಹಾಗೆ ಕೇಳಿದರೆ, ಅದು ಹಳೆಯ ಟೇಪ್ ರೆಕಾರ್ಡರ್ ತಾನೇ ಮಟ್ಟ ಏರಿಸಿ ಇಳಿಸಿದ ಗುರುತು. ಅದು ಟೇಪಿನಲ್ಲೇ ಇದೆ, ತೆಗೆಯಲಾಗದು.

8. ಕತ್ತರಿಸುವುದು

ಹಾಡಿನ ಮೊದಲಿಗೆ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಬಿ ಒತ್ತಿ, ಹೆಸರು ಬರೆಯಿರಿ. ಹೀಗೆ ಎಲ್ಲ ಗುರುತು ಮಾಡಿಕೊಂಡು, ಎಕ್ಸ್‌ಪೋರ್ಟ್ ಮಾಡುವಾಗ "ಮಲ್ಟಿಪಲ್ ಫೈಲ್ಸ್" ಆರಿಸಿದರೆ ಒಂದೊಂದೂ ಬೇರೆ ಫೈಲಾಗುತ್ತದೆ. ಮೌನ ನೋಡಿಕೊಂಡು ತಾನೇ ಕತ್ತರಿಸುವ ಸೌಲಭ್ಯವೂ ಇದೆ, ಸಿನಿಮಾ ಹಾಡು, ಭಾವಗೀತೆಗೆ ಸರಿ. ಶ್ರುತಿ ನಿಲ್ಲದ ಕಡೆ ಅದಕ್ಕೆ ಮೌನವೇ ಸಿಗುವುದಿಲ್ಲ.

ಎಲ್ಲಿ ಕತ್ತರಿಸಬೇಕು? ಶಾಸ್ತ್ರೀಯ ಕಛೇರಿಯಲ್ಲಿ ಆಲಾಪನೆ, ಕೃತಿ, ಸ್ವರ, ತನಿ ಆವರ್ತನ ಸೇರಿ ಒಂದು ಫೈಲು, ಅದು 40 ನಿಮಿಷವಾದರೂ ಸರಿ. ಆಲಾಪನೆ ಒಂದು ಫೈಲು, ಕೃತಿ ಇನ್ನೊಂದು ಎಂದು ಮಾಡಿ ಮೊಬೈಲಿನಲ್ಲಿ ಷಫಲ್ ಹಾಕಿದರೆ, ಆಲಾಪನೆ ಮುಗಿದೊಡನೆ ತಮಟೆ ಬಡಿಯುತ್ತದೆ. ಹರಿಕಥೆಯನ್ನು ಕತ್ತರಿಸಲೇಬೇಡಿ. ಬದಲಿಗೆ ಜೋಡಿಸಿ: ಎ ಬದಿ ಮುಗಿದದ್ದು ಮಾತಿನ ನಡುವೆ ಇರುತ್ತದೆ, ಬಿ ಬದಿಯ ಮೊದಲ ಕೆಲವು ಸೆಕೆಂಡಿನ ಖಾಲಿ ಟೇಪು ತೆಗೆದು ಅಂಟಿಸಿದರೆ ಕಥೆ ಓಡುತ್ತದೆ. ಭಜನೆ, ತತ್ವಪದಗಳನ್ನು ಪದಕ್ಕೊಂದರಂತೆ ಬಿಡಿಸಿ, ಆದರೆ ಶುರುವಿನಲ್ಲಿ ಒಬ್ಬರು ಹೇಳಿಕೊಡುವ ಸೊಲ್ಲು ಉಳಿಯಲಿ. ನಾಟಕದ ಹಾಡಿಗೆ ಮುಂಚಿನ ಎರಡು ಸಾಲು ಸಂಭಾಷಣೆ ಸೇರಿರಬೇಕು. ಇಲ್ಲದಿದ್ದರೆ ಹಾಡುವವನು ಭೀಮನೋ ದುರ್ಯೋಧನನೋ ಗೊತ್ತಾಗದು.

9. ಹೆಸರು ಮತ್ತು ಟ್ಯಾಗ್

ಟ್ಯಾಗ್ ಎಂದರೆ ಫೈಲಿನ ಒಳಗೇ ಕೂರುವ ಚೀಟಿ: ಹಾಡು, ಹಾಡಿದವರು, ರಚನೆ, ಪ್ರಕಾರ, ವರ್ಷ. ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಒಂದು ಕ್ಯಾಸೆಟ್ಟಿನ ಎಲ್ಲ ಫೈಲಿಗೂ ಒಟ್ಟಿಗೆ ತುಂಬಬಹುದು. ಯೂನಿಕೋಡ್ ಕನ್ನಡದಲ್ಲೇ ಬರೆಯಿರಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪು ಮಾಡಿದ ಹೆಸರು ಮೊಬೈಲಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ತೆಲುಗು, ತಮಿಳು ಹಾಡಿನ ಹೆಸರನ್ನೂ ಕನ್ನಡ ಲಿಪಿಯಲ್ಲೇ ಇಟ್ಟರೆ ಹುಡುಕುವುದು ಸುಲಭ. ಕಾರಿನ ಎಷ್ಟೋ ಪ್ಲೇಯರುಗಳಲ್ಲಿ ಕನ್ನಡದ ಬದಲು ಚೌಕಗಳು ಕಾಣುತ್ತವೆ, ಅದಕ್ಕೆ ಫೈಲಿನ ಹೆಸರಿನ ಮೊದಲಿಗೆ 001, 002 ಎಂದು ಮೂರಂಕಿ ಹಾಕಿ, ಆ ಸಂಖ್ಯೆಯನ್ನೇ ನೋಟ್‌ಬುಕ್ಕಿನಲ್ಲೂ ಕ್ಯಾಸೆಟ್ಟಿನ ಮೇಲೂ ಬರೆಯಿರಿ.

ರಚನೆ ಯಾರದೆಂದು ಗೊತ್ತಿಲ್ಲದಿದ್ದರೆ ಕೊನೆಯ ನುಡಿ ಕೇಳಿ, ಅಂಕಿತ ಅಲ್ಲಿರುತ್ತದೆ. ರಂಗವಿಠಲ ಎಂದು ಬಂದರೆ ಮುಳಬಾಗಿಲಿನ ಶ್ರೀಪಾದರಾಜರು, ಪುರಂದರವಿಠಲ ಎಂದರೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು. ಗುರುಗುಹ ಎಂದರೆ ಮುತ್ತುಸ್ವಾಮಿ ದೀಕ್ಷಿತರು. ತೆಲುಗು ತತ್ವಪದದಲ್ಲಿ ನಾರೇಯಣ ಎಂಬ ಹೆಸರು ಕೇಳಿದರೆ ಬಹುಶಃ ಕೈವಾರದ ತಾತಯ್ಯ. ವಚನದ ಕೊನೆಗೆ ಮಹಾಲಿಂಗಗುರು ಶಿವಸಿದ್ಧೇಶ್ವರಪ್ರಭು ಎಂದಿದ್ದರೆ ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗರು. ರಚಿಸಿದವರನ್ನು ಹಾಡಿದವರ ಜಾಗದಲ್ಲಿ ಬರೆಯುವುದು ಸಾಮಾನ್ಯ ತಪ್ಪು. "ಪುರಂದರದಾಸ" ಎಂದು ಹುಡುಕಿದರೆ ಮೂವತ್ತು ಗಾಯಕರು ಒಂದೇ ಗಂಟಿನಲ್ಲಿ ಸಿಗುತ್ತಾರೆ.

ಪ್ರಕಾರದ ಹೆಸರು ಎಂಟು-ಹತ್ತಕ್ಕಿಂತ ಬೇಡ: ಶಾಸ್ತ್ರೀಯ, ದೇವರನಾಮ, ವಚನ, ತತ್ವಪದ, ಹರಿಕಥೆ, ರಂಗಗೀತೆ, ಜಾನಪದ, ಭಾವಗೀತೆ, ಸಿನಿಮಾ. ಒಂದೇ ಪದವನ್ನು ಎರಡು ರೀತಿ ಬರೆದರೆ ಎರಡು ಪ್ರಕಾರವಾಗುತ್ತದೆ. ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿ ಹುಟ್ಟಿದ ಈ ಸೀಮೆಯಲ್ಲಿ ರಂಗಗೀತೆಯನ್ನು "ಇತರೆ" ಎಂಬ ಡಬ್ಬಿಗೆ ಹಾಕುವವರೂ ಇದ್ದಾರೆ. ಹಾಕಬೇಡಿ.

10. ಬೇರೆ ಬೇರೆ ಹಾಡಿಗೆ ಒಂದೇ ಜೋರು

ಮೊಬೈಲಿಗೆ ಹೋಗುವ ಪ್ರತಿಗಳ ಜೋರನ್ನು ಸಮ ಮಾಡಿ. ವೀಣೆ ಕೇಳಲೆಂದು ವಾಲ್ಯೂಮ್ ಏರಿಸಿದ ಮೇಲೆ ಮುಂದಿನ ಹಾಡು ಬಂದು ಕಿವಿ ಒಡೆಯುವುದು ಇದನ್ನು ಮಾಡದಿದ್ದರೆ. ಆಡಾಸಿಟಿಯಲ್ಲಿ "ಲೌಡ್‌ನೆಸ್ ನಾರ್ಮಲೈಸೇಷನ್" ತೆರೆದು ಮೈನಸ್ 18 ಎಲ್‌ಯುಎಫ್‌ಎಸ್ ಕೊಡಿ. ಎಲ್‌ಯುಎಫ್‌ಎಸ್ ಎಂದರೆ ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನಿಸುತ್ತದೆ ಎಂಬುದರ ಅಳತೆ. ತಮಟೆಯಂಥದ್ದಕ್ಕೆ ಮೈನಸ್ 18ರಲ್ಲೂ ಏಟಿನ ತುದಿ ಒಡೆದರೆ ಮೈನಸ್ 20ಕ್ಕೆ ಇಳಿಸಿ. ಎಂಪಿ3ಗೆ 192 ಕೆಬಿಪಿಎಸ್ ಸಾಕು, ಗಂಟೆಗೆ ಸುಮಾರು 86 ಎಂಬಿ.

ಕೇಳುವ ಪಟ್ಟಿಯನ್ನು ಪ್ರಕಾರದ ಮೇಲೆ ಮಾಡಬೇಡಿ, ಕೇಳುವ ಹೊತ್ತಿನ ಮೇಲೆ ಮಾಡಿ. ಬೆಳಗಿನ ಪಟ್ಟಿಯಲ್ಲಿ ದೇವರನಾಮದ ಹಿಂದೆ ಒಂದು ತಮಿಳು ಸಿನಿಮಾ ಹಾಡು ನಿಮಗೆ ಹಿತ ಎನಿಸಿದರೆ ಹಾಗೇ ಇರಲಿ. ಪ್ರಕಾರದ ಚೀಟಿ ಇರುವುದು ಹುಡುಕುವುದಕ್ಕೆ. ಪಟ್ಟಿ ಫೈಲನ್ನು ಎಂ3ಯು8 ಬಗೆಯಲ್ಲಿ ಉಳಿಸಿ, ಕೊನೆಯ ಆ 8 ಇಲ್ಲದಿದ್ದರೆ ಕನ್ನಡ ಹೆಸರಿನ ಫೈಲುಗಳು ಸಿಗದೆ ಹೋಗಬಹುದು. ಹಾಡುಗಳಿರುವ ಫೋಲ್ಡರಿನಲ್ಲೇ ಪಟ್ಟಿಯೂ ಇರಲಿ. ಮೊಬೈಲಿನಲ್ಲಿ ವಿಎಲ್‌ಸಿ ಇದನ್ನು ಓದುತ್ತದೆ.

11. ಮೂರು ಕಡೆ ಇಡಿ. ಹಂಚುವ ಮುನ್ನ ಕೇಳಿ

ಕಂಪ್ಯೂಟರಿನಲ್ಲಿ ಒಂದು, ಹಾರ್ಡ್ ಡಿಸ್ಕಿನಲ್ಲಿ ಒಂದು, ಬೇರೆ ಊರಿನ ನೆಂಟರ ಮನೆಯಲ್ಲೋ ಆನ್‌ಲೈನಲ್ಲೋ ಇನ್ನೊಂದು. ಪೆನ್ ಡ್ರೈವು ಹಾಡು ಸಾಗಿಸುವುದಕ್ಕೆ, ಕಾಪಾಡುವುದಕ್ಕಲ್ಲ. ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕ್ ತೆರೆದು ನಾಲ್ಕು ಫೈಲು ಹಾಡಿಸಿ ನೋಡಿ.

ಕಂಪನಿಯ ಕ್ಯಾಸೆಟ್ಟಿನ ನಕಲನ್ನು ಯೂಟ್ಯೂಬಿಗೆ ಏರಿಸಬೇಡಿ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ವರ್ಷದ ಮರುವರ್ಷದಿಂದ 60 ವರ್ಷ. 1985ರ ಕ್ಯಾಸೆಟ್ಟಿಗೆ 2045ರ ಕೊನೆಯವರೆಗೂ ಇರುತ್ತದೆ. ಊರ ಮಂಡಳಿಯ ಹಾಡಾದರೆ ಹಾಡಿದವರನ್ನೋ ಅವರ ಮನೆಯವರನ್ನೋ ಕೇಳಿಕೊಂಡು ಹಂಚಿ. ವಾಟ್ಸ್ಆ್ಯಪಿನಲ್ಲಿ ಕಳಿಸುವಾಗ "ಡಾಕ್ಯುಮೆಂಟ್" ಆಗಿ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ.

ಕೆಲಸ ಮುಗಿಯಿತೆಂದು ಮೊದಲ ಗುಡ್ಡೆಯ ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಬೇಡಿ. ವೇಗವಾಗಿ ಹಿಂದಕ್ಕೆ ಸುತ್ತದೆ, ಕೊನೆಯವರೆಗೆ ಹಾಡಿಸಿ ಹಾಗೇ ನಿಲ್ಲಿಸಿದ ಸುರುಳಿ ಸಮವಾಗಿ ಕೂರುತ್ತದೆ. ಡಬ್ಬಿಯಲ್ಲಿ ಹಾಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಸ್ಪೀಕರಿನಿಂದ ದೂರ, ಅಟ್ಟದ ಬದಲು ನಡುಮನೆಯ ಬೀರುವಿನ ಕೆಳಗಿನ ಅರೆಯಲ್ಲಿ ಇಡಿ.